ಕೊಟ್ರಮ್ಮನ ಪಕ್ಕೆಯ ಕೀವು

ಹೊಳಲ್ಕೆರೆ
೧೪ನೇ ಫೆಬ್ರವರಿ ೧೯೧೧

ತಮ್ಮ ಮುರುಗೇಶಪ್ಪನಿಗೆ ಅಣ್ಣನ ಆಶೀರ್ವಾದ. ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಬೈದುಕೊಂಡಿರುತ್ತೀಯ, ಬೈದುಕೋ. ಆಸ್ಪತ್ರೆಯಲ್ಲಿ ಕೆಲಸ ಹೆಚ್ಚಿತ್ತು ಅನ್ನುವುದು ಅರ್ಧ ನಿಜ.

ಸುದ್ದಿ ಒಳ್ಳೆಯದೇ. ನಿನ್ನ ಅತ್ತಿಗೆ ಕೊಟ್ರಮ್ಮನಿಗೆ ಇದ್ದದ್ದು ಕ್ಷಯವಲ್ಲ.

ಜ್ವರ, ಕೆಮ್ಮು, ಸೊರಗಿದ ಮೈ, ಪಕ್ಕೆಯಲ್ಲಿ ನೀರು. ಹದಿನಾರು ವರ್ಷ ಕಾಂಪೌಂಡರ್ ಕೆಲಸ ಮಾಡಿದ ನಾನು ಇಷ್ಟು ನೋಡಿ ಕ್ಷಯವೆಂದು ತೀರ್ಮಾನಿಸಿಬಿಟ್ಟೆ. ಹೋದ ವರ್ಷ ಕೂಸು ಚಿತ್ರಲಿಂಗನನ್ನು ಅವಳ ಮಗ್ಗುಲಿಂದ ಎತ್ತಿ ನಿಮ್ಮಲ್ಲಿಗೆ ತಂದದ್ದೂ ಅದಕ್ಕೇ. ದುರ್ಗದ ಡಾಕ್ಟರು ಸೂಜಿ ಹಾಕಿ ಶ್ವಾಸಕೋಶದ ಪೊರೆಯೊಳಗಿನ ಕೀವು ತೆಗೆದು ಮೂರು ಸಲ ನೋಡಿದರು. ಕ್ಷಯದ ಕ್ರಿಮಿ ಕಾಣಲಿಲ್ಲ. ಕಾಣದಿದ್ದರೂ ಇರುತ್ತದೆ ಬಿಡಿ ಎಂದು ಅವರಿಗೇ ಪಾಠ ಹೇಳಿದ ಮಹಾ ಪಂಡಿತ ನಾನು.

ಆಮೇಲೆ ಪಕ್ಕೆ ಒಡೆದು ಕೀವು ಸೋರತೊಡಗಿತು. ದಿನಾ ಅರಿಷಿಣದ ಪಟ್ಟು ಹಾಕುತ್ತಿದ್ದೆವು. ಕೀವಿನಲ್ಲಿ ರವೆಯಂಥ ಹಳದಿ ಕಾಳು ಬರುತ್ತಿದ್ದವು. ಅರಿಷಿಣದ ಚೂರೆಂದು ನಾನೇ ಒರೆಸಿ ಒಲೆಗೆ ಹಾಕುತ್ತಿದ್ದೆ. ಒಂದು ದಿನ ಅವಳೇ ಕೇಳಿದಳು: "ಅರಿಷಿಣ ಮುಗುದು ಮೂರು ದಿನ ಆತು. ಈ ಕಾಳು ಎಲ್ಲಿಂದ ಬಂದ್ವು ಕಣ್ರಿ?"

ಕಾಳುಗಳನ್ನು ಸೀಸೆಗೆ ಹಾಕಿಕೊಂಡು ದುರ್ಗಕ್ಕೆ ಓಡಿದೆ. ಡಾಕ್ಟರು ಅವನ್ನು ಗಾಜಿನ ಮೇಲೆ ಒತ್ತಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು: ಬೇರು ಕವಲೊಡೆದಂತೆ ಎಳೆ ಎಳೆ. ಇದು ಬೇರೆಯೇ ಕ್ರಿಮಿ, ದನಗಳ ದವಡೆ ಊದಿಸುವ ಜಾತಿಯದು, ಮನುಷ್ಯರ ಎದೆಗೆ ಇಳಿಯುವುದು ಅಪರೂಪ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಎಂದರು. ಕೀವು ಬಸಿದು, ಅಯೊಡೈಡ್ ಔಷಧ ಶುರುಮಾಡಿ ನಾಲ್ಕು ತಿಂಗಳಾಯಿತು. ಜ್ವರ ಬಿಟ್ಟಿದೆ, ಗಾಯ ಒಣಗುತ್ತಿದೆ. ನಿನ್ನೆ ಅಡಿಗೆ ಅವಳದೇ. ಸಾರಿಗೆ ಉಪ್ಪು ಜಾಸ್ತಿ ಅಂದದ್ದಕ್ಕೆ ಚೆನ್ನಾಗಿ ಬೈದಳು. ಬೈಸಿಕೊಂಡು ಇಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ನಿನ್ನ ಮಡದಿ ಬಸಮ್ಮನಿಗೂ ಚಿತ್ರಲಿಂಗನಿಗೂ ಆಶೀರ್ವಾದ ತಿಳಿಸು. ಶಿವ ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ ಅಣ್ಣ,
ಪಂಚಾಕ್ಷರಪ್ಪ

ಮಡಿಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಅವಳು ಹೇಗೂ ಉಳಿಯುವುದಿಲ್ಲವೆಂದು, ಮಠದ ಐನೋರನ್ನು ಕರೆಸಿ ಕೂಸನ್ನು ನಿಮಗೆ ದತ್ತು ಕೊಟ್ಟದ್ದನ್ನು ನಾನು ಅವಳಿಗೆ ಈವರೆಗೆ ಹೇಳಿಲ್ಲ. ಗುಣವಾಗುವವರೆಗೆ ನೋಡಿಕೊಳ್ಳಲು ಬಿಟ್ಟಿದ್ದೇವೆಂದೇ ತಿಳಿದಿದ್ದಾಳೆ. ಕೊಟ್ಟದ್ದನ್ನು ವಾಪಸು ಕೇಳುವ ಮುಖ ನನಗಿಲ್ಲ. ಮಕ್ಕಳಿಲ್ಲದ ಬಸಮ್ಮ ಅವನನ್ನು ಎಷ್ಟು ಹಚ್ಚಿಕೊಂಡಿದ್ದಾಳೆಂದು ನಿನ್ನ ಕಾಗದಗಳಲ್ಲೇ ಓದಿದ್ದೇನೆ. ಕೊಟ್ರಮ್ಮ ಬರುವ ಸೋಮವಾರಕ್ಕೆ ಗಾಡಿ ಗೊತ್ತುಮಾಡಲು ಹೇಳಿದ್ದಾಳೆ. ಮಗನನ್ನು ಕರೆತರಲು ನಿಮ್ಮ ಯಲ್ಲದಕೆರೆಗೆ ತಾನೇ ಬರುತ್ತಾಳಂತೆ. ನಾನು ಹೂಂ ಅಂದಿದ್ದೇನೆ.