ಬಾಯಿಗೆ ತುರುಕಿದ ಕ್ಷಮೆ

ಉರಿಮಾಸದ ಮೂವತ್ತೆರಡನೆಯ ದಿನ,
ವಿಜಯಪುರ ಕೆಳಪೇಟೆ

ಬೆರಳಿನಿಂದ ತಟ್ಟಿ ಮನಸ್ಸಿನ ಭಾರ ಇಳಿಸಲು ಈಗಷ್ಟೇ ಕಲಿಯುತ್ತಿರುವ ಹಿಂದಿನ ಕಾಲದವರೇ,

ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಸುಡುಬೇಸಿಗೆಗೆಂದೇ ನಾವು ಪಂಚಾಂಗದಲ್ಲಿ ಹದಿಮೂರನೆಯ ತಿಂಗಳೊಂದನ್ನು ಸೇರಿಸಿಕೊಂಡಿದ್ದೇವೆ, ಅದೇ ಉರಿಮಾಸ. ಆಗ ಊರಿಗೆ ಊರೇ ನೆಲದಡಿಯ ಕೆಳಪೇಟೆಗೆ ಇಳಿಯುತ್ತದೆ. ಇಲ್ಲಿ ಮೊಸರಂಗಡಿಗೂ ಕ್ಷೌರದಂಗಡಿಗೂ ನಡುವೆ ತಟ್ಟುಮನೆಗಳಿವೆ. ಹುಬ್ಬು, ಕಣ್ಣಿನ ಕೆಳಗು, ಕೊರಳೆಲುಬುಗಳ ಮೇಲೆ ತಟ್ಟುತ್ತ ದುಃಖವನ್ನು ಬಾಯಿಬಿಟ್ಟು ಆಡಿಸುವ ಜಾಗಗಳವು. ಮೊಸರು ಹುಳಿಯಾದರೆ ತಿರುಗಿ ತಂದು ಜಗಳವಾಡುವ ಜನ, ತಟ್ಟುಮನೆಯಲ್ಲಿ ಏನು ಕೊಟ್ಟರೂ ಕೈಮುಗಿದು ಹೋಗುತ್ತಾರೆ. ನಾನೂ ತಟ್ಟುವವಳೇ. ಈ ಕಸುಬಿನ ಮೇಲೆ ನನಗೆ ಹೇಸಿಗೆ ಹುಟ್ಟಿಸಿದವನು ಪಕ್ಕದ ಕೋಣೆಯ ಪ್ರಮಥ ದೇಸಾಯಿ.

ಹೋದ ವರ್ಷದ ಉರಿಮಾಸದಲ್ಲಿ ಅವನ ಬಳಿ ಹುಸೇನ್‌ಬಿ ಎಂಬ ನೇಕಾರಗಿತ್ತಿ ಬಂದಳು. ಸುರಂಗ ತೋಡುವಾಗ ಮಣ್ಣು ಕುಸಿದು ಅವಳ ಮಗ ಸತ್ತಿದ್ದ. ಗೋಡೆ ಬಿರುಕು ಬಿಟ್ಟಿದೆ ಎಂದು ಕೂಲಿಯವರು ಹೇಳಿದರೂ ಗುತ್ತಿಗೆದಾರ ಕೆಲಸ ನಿಲ್ಲಿಸಿರಲಿಲ್ಲ. ದೇಸಾಯಿ ಅವಳ ಕಥೆಯನ್ನು ಪೂರ್ತಿ ಕೇಳಲಿಲ್ಲ. ಮುಟ್ಟಲೇ ಎಂದು ಕೇಳದೆ ತಟ್ಟತೊಡಗಿ, “ಗುತ್ತಿಗೆದಾರನ್ನ ಕ್ಷಮಿಸೀನಿ ಅನ್ರಿ” ಎಂದ. ತೆಳ್ಳನೆಯ ಹಲಗೆಯ ಆಚೆಗೆ ನನಗೆಲ್ಲ ಕೇಳುತ್ತಿತ್ತು.

“ನಾ ಕ್ಷಮಾ ಮಾಡಿಲ್ರೀ.”

“ಬಾಯಿಲೆ ಅನ್ರಿ. ಮನಸ್ಸು ಹಿಂದಿಂದ ಬರ್ತದ.”

ಅವಳು ಅಂದಳು. ಅಳು ಬಂತು. ಅವನಿಗೆ ಅಳು ಎಂದರೆ ಗೆಲುವು; ಇನ್ನೂ ಜೋರಾಗಿ ತಟ್ಟಿದ.

“ಎದಿ ಹಿಂಡಾಕತ್ತೈತ್ರಿ. ಎಡಗೈ ಜೋಮು ಹಿಡದೈತಿ.”

“ದುಃಖ ಹೊರಗ ಹೊಂಟದ, ತಡೀಬ್ಯಾಡ್ರಿ.”

ನಾನು ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಅವಳ ಮುಖ ಬೂದಿಬಣ್ಣಕ್ಕೆ ತಿರುಗಿತ್ತು, ಹಣೆಯಲ್ಲಿ ತಣ್ಣನೆಯ ಬೆವರು. ಅವನ ಬೆರಳುಗಳು ಆಗಲೂ ಆಡುತ್ತಿದ್ದವು. ಆ ಕೈಯನ್ನು ಕಿತ್ತು ಬದಿಗೆ ಸರಿಸಿ, ಮೊಸರಂಗಡಿಯವನ ತಳ್ಳುಗಾಡಿಯಲ್ಲಿ ಅವಳನ್ನು ಆಸ್ಪತ್ರೆಗೆ ಒಯ್ದೆ. ಹೃದಯಾಘಾತ. ಜೀವ ಉಳಿಯಿತು. ಮಗ್ಗದ ಮುಂದೆ ಕೂರುವ ಶಕ್ತಿ ಮಾತ್ರ ಮರಳಲಿಲ್ಲ.

ಓಕರಿಕೆ ತರಿಸುವ ಸಂಗತಿ ಆಮೇಲಿನದು. ಬೇಸಿಗೆ ಮುಗಿದ ಮೇಲೆ ತಟ್ಟುಗಾರರ ಸಭೆಗೆ ದೇಸಾಯಿ ಅವಳನ್ನೇ ಕರೆಸಿ, ಶಾಲು ಹೊದಿಸಿ, ಎದೆಯ ಗಂಟು ಒಡೆದು ಹೊಸ ಜನ್ಮ ಪಡೆದವರು ಇವರು ಎಂದು ತೋರಿಸಿದ. ಸಭೆ ಚಪ್ಪಾಳೆ ತಟ್ಟಿತು. ಹುಸೇನ್‌ಬಿ ಶಾಲು ಮಡಚಿ ಅವನ ಕೈಗೇ ಕೊಟ್ಟಳು.

“ಅವತ್ತ ಹೊರಗ ಹೊಂಟಿದ್ದು ದುಃಖ ಅಲ್ರೀ, ನನ್ನ ಜೀವ. ಆ ಗುತ್ತಿಗೆದಾರನ್ನ ನಾ ಇವತ್ತಿಗೂ ಕ್ಷಮಿಸಿಲ್ಲ. ನನ್ನ ಬಾಯಾಗ ಆ ಮಾತ ತುರುಕಾಕ ನೀವ್ಯಾರು?”

ಸ್ವಲ್ಪ ಹೊತ್ತಿಗೆ ಉಪ್ಪಿಟ್ಟು ಬಂತು, ಎಲ್ಲರೂ ತಿಂದರು. ದೇಸಾಯಿಯ ಬಾಗಿಲಲ್ಲಿ ಸಾಲು ಇಂದಿಗೂ ಕರಗಿಲ್ಲ.

ಈ ರೋಗದ ಬೀಜ ನಿಮ್ಮ ಕಾಲದಲ್ಲೇ ಬಿದ್ದದ್ದು, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಮುಂದೆ ಕುಳಿತವರು ಎದೆನೋವು ಎಂದರೆ ಕೈ ತೆಗೆದು ವೈದ್ಯರ ಬಳಿ ಕರೆದೊಯ್ಯಿರಿ. ಅವರದಲ್ಲದ ಮಾತನ್ನು ಅವರಿಂದ ಆಡಿಸಬೇಡಿ. ಅಷ್ಟೂ ಆಗದಿದ್ದರೆ ಬೇರೆ ಕಸುಬು ನೋಡಿಕೊಳ್ಳಿ. ನಿಮ್ಮ ಶಿಷ್ಯರ ಶಿಷ್ಯರು ನಮ್ಮ ಪಾಲಿಗೆ ಬರುವುದು ಬೇಡ.

ನೀಲಾಂಬಿಕಾ ಯಾದವಾಡ