ಕಲ್ಲಿನ ತೂತಿನೊಳಗೆ ಒಬ್ಬಳು

ಫೆಬ್ರವರಿ 16, ಭಾನುವಾರ

ಸಮುದ್ರ ಮೀನಿನ ಟ್ಯಾಂಕಿನ ನೀರು ಬದಲಿಸಿದೆ. ಹತ್ತು ಗ್ಯಾಲನ್. ಉಪ್ಪು ಸರಿಯಿದೆ, ಬಿಸಿ 78 ಡಿಗ್ರಿ ಫ್ಯಾರನ್‌ಹೀಟ್. ಹನ್ನೆರಡು ಬಸವನಹುಳುಗಳಲ್ಲಿ ಐದೇ ಉಳಿದಿವೆ. ಮಿಕ್ಕವುಗಳ ಚಿಪ್ಪು ಮರಳಿನ ಮೇಲೆ ಚೂರುಚೂರು. ಯಾರೋ ಸುತ್ತಿಗೆಯಿಂದ ಒಡೆದ ಹಾಗೆ.

ಅವ್ವ ಗದಗಿನಿಂದ ಅಮೆರಿಕಕ್ಕೆ, ಈ ವಿಕ್ಸಮ್‌ಗೆ ಬಂದು ಮೂರು ವಾರ. ಸಮುದ್ರ ಕಂಡವಳಲ್ಲ. ಬೆಳಗಿನ ಚಹಾ ಟ್ಯಾಂಕಿನ ಮುಂದೆಯೇ.

"ಸುಶಾಂತ, ಕಲ್ಲಿನೊಳಗ ಯಾರೋ ಟಕ್ ಟಕ್ ಅಂತ ಬಡೀತಾರಲ್ಲೋ."

ಪಂಪಿನ ಸದ್ದು ಅಂದೆ.

ಫೆಬ್ರವರಿ 19, ಬೆಳಗ್ಗೆ 5:40

ಪಂಪ್ ಅಲ್ಲ. ಕ್ಲೌನ್ ಮೀನಿನ ಜೋಡಿಯಲ್ಲಿ ಗಂಡು ಸತ್ತು ಬಿದ್ದಿದೆ. ಪಕ್ಕೆ ಒಡೆದಿದೆ. ಒಂಬತ್ತು ವರ್ಷದ ಮೀನು. ಅಪಾರ್ಟ್‌ಮೆಂಟಿನಿಂದ ಈ ಮನೆಗೆ ಬರುವಾಗ ಹೆಂಡತಿ ಚೇತನಾ ಅದರ ಬಕೆಟ್ ಮಡಿಲಲ್ಲಿಟ್ಟುಕೊಂಡು ತಂದಿದ್ದಳು. ಹಾಸ್ಪಿಟಲ್ ಡ್ಯೂಟಿಗೆ ಹೊರಟವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಅದನ್ನ ಹಿಡಿ. ಹೇಗಾದ್ರೂ," ಅಂದಳು.

ಮ್ಯಾಂಟಿಸ್ ಶ್ರಿಂಪ್ ಇರಬೇಕು. ಬೆರಳುದ್ದದ, ಸೀಗಡಿಯಂಥ ಪ್ರಾಣಿ. ಗುದ್ದಿ ಕೊಲ್ಲುತ್ತದೆ. ಕಳೆದ ತಿಂಗಳು ಟ್ಯಾಂಕಿಗೆಂದು ಕೊಂಡ ಸಮುದ್ರದ ಕಲ್ಲಿನೊಳಗೆ ಅಡಗಿ ಬಂದಿದೆ.

ಫೆಬ್ರವರಿ 23, ಭಾನುವಾರ

ಬಲೆ ತಯಾರು. ಸೋಡಾ ಬಾಟಲಿಯ ಕತ್ತು ಕತ್ತರಿಸಿ ತಿರುಗಿಸಿ ಸಿಕ್ಕಿಸಿದೆ. ಒಳಗೆ ಹೋಗುವುದು ಸುಲಭ, ಬರುವುದು ಕಷ್ಟ. ಆಮಿಷಕ್ಕೆ ಸೀಗಡಿ ಚೂರು.

"ಮನ್ಯಾಗ ಸೀಗಡಿ ತಂದೀಯೇನು?"

"ಮೀನಿಗೆ, ಅವ್ವ."

"ಸುಳ್ಳು ಹೇಳಬ್ಯಾಡ. ಕಳ್ಳಗ ಉಣಸಾಕ ತಂದೀ."

ಸಿಕ್ಕಿದ್ದು ಒಂದು ಬಡಪಾಯಿ ಏಡಿ. ವಾಪಸ್ ಬಿಟ್ಟೆ.

ಫೆಬ್ರವರಿ 26, ಬೆಳಗ್ಗೆ 5:30

ಕಂಡೆ! ಕೆಂಪು ಬೆಳಕಿನ ಟಾರ್ಚ್ ಹಿಡಿದಿದ್ದೆ. ಹಸಿರು ಮೈ, ಕಡ್ಡಿಯ ತುದಿಯಲ್ಲಿಟ್ಟಂಥ ಕಣ್ಣುಗಳು. ಒಂದೊಂದೂ ತನ್ನ ಪಾಡಿಗೆ ತಿರುಗುತ್ತದೆ — ಒಂದು ನನ್ನ ಕಡೆ, ಒಂದು ಅವ್ವನ ಕಡೆ. ಮೀನು ನಮ್ಮನ್ನು ಹೀಗೆ ನೋಡುವುದಿಲ್ಲ. ಇದು ಯಾರು ಬಂದರು ಎಂದು ವಿಚಾರಿಸುವ ನೋಟ.

ಬಲೆಯೊಳಗೆ ಹೋಯಿತು. ಚೂರು ತಿಂದಿತು. ಹೋದ ದಾರಿಯಲ್ಲೇ ಹೊರಗೆ ಬಂತು.

ನಾನು ಕದಲಲಿಲ್ಲ. ಕೈಯಲ್ಲಿ ಜಾಲರಿ ಇತ್ತು...

ಮಾರ್ಚ್ 9, ಭಾನುವಾರ

ಹತ್ತು ದಿನದಿಂದ ಟಕ್ ಸದ್ದಿಲ್ಲ. ಆಮಿಷ ಮುಟ್ಟಿಲ್ಲ. ಸತ್ತಿರಬೇಕು, ನೀರು ಕೆಡುತ್ತದೆ ಎಂದುಕೊಂಡು ಆ ಕಲ್ಲನ್ನೇ ಬಕೆಟ್‌ಗೆ ಎತ್ತಿದೆ. ಬದುಕಿದ್ದರೆ ತೂತಿಗೆ ಬಿಡಲು ಸಿರಿಂಜ್‌ನಲ್ಲಿ ಸೋಡಾ ನೀರು. ಉಸಿರುಕಟ್ಟಿ ಹೊರಗೆ ಬರುತ್ತದೆ.

ಅವ್ವ ಟಾರ್ಚ್ ಹಿಡಿದಳು. ಒಳಗೆ ಬಗ್ಗಿ ನೋಡಿ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ತಡಿ. ತತ್ತಿ ಹಿಡಕೊಂಡು ಕುಂತೈತಿ."

ಎದೆಗೆ ಅವುಚಿಕೊಂಡ ಗುಲಾಬಿ ಉಂಡೆ. ಸಾಸಿವೆಗಿಂತ ಸಣ್ಣ ನೂರಾರು ಮೊಟ್ಟೆ. ಮುಂಗೈಗಳಿಂದ ಅದನ್ನು ನಿಧಾನಕ್ಕೆ ಹೊರಳಿಸುತ್ತಲೇ ಇದೆ. ಚಿಪ್ಪು ಒಡೆದ ಅದೇ ಪ್ರಾಣಿ. ಇಷ್ಟು ಹಗುರಕ್ಕೆ ಮುಟ್ಟಲು ಅದಕ್ಕೆ ಬರುತ್ತದೆಂದು ಗೊತ್ತಿರಲಿಲ್ಲ. ಕಾವಲಿಗೆ ಕೂತದ್ದು ಊಟಕ್ಕೂ ಎದ್ದಿಲ್ಲ.

ಚೇತನಾಳನ್ನು ಕರೆದೆ. ಬಕೆಟ್ ಪಕ್ಕ ಮಂಡಿಯೂರಿ ಬಹಳ ಹೊತ್ತು ನೋಡಿದಳು.

"ನಮ್ಮ ಮೀನು ಕೊಂದಿದ್ದು ಇದೇನಾ?"

"ಇದೇ."

"ಹೆಣ್ಣುಮೀನು ಇರೋ ಟ್ಯಾಂಕಲ್ಲಿ ಬೇಡ. ಬೇರೆ ಕಡೆ ಇಡು." ಕೈ ಚಾಚಿ, "ಸಿರಿಂಜ್ ಕೊಡು ಇಲ್ಲಿ," ಅಂದಳು. ತಾನೇ ಸಿಂಕಿಗೆ ಖಾಲಿ ಮಾಡಿದಳು.

ಗ್ಯಾರೇಜಿನ ಹಳೆಯ ಟ್ಯಾಂಕ್ ತೊಳೆದೆ. ಕಲ್ಲು ಸಮೇತ ಅದರಲ್ಲಿಟ್ಟೆ.

ಏಪ್ರಿಲ್ 2, ಬೆಳಗ್ಗೆ 6:10

ಡಿಯರ್‌ಬಾರ್ನ್‌ನ ಆಫೀಸಿಗೆ ಹೊರಡಬೇಕು. ಶರ್ಟ್ ಅರ್ಧ ಹಾಕಿಕೊಂಡು ನಿಂತೇ ಬರೆಯುತ್ತಿದ್ದೇನೆ.

ನೀರಿನ ತುಂಬ ಮರಿ. ಗಾಜಿನ ಹರಳಿನಂಥವು, ಮೈಯಿಲ್ಲ, ಎರಡು ಕಪ್ಪು ಚುಕ್ಕೆ ಕಣ್ಣು ಮಾತ್ರ. ಟಾರ್ಚ್ ಎಡಕ್ಕೆ ಸರಿಸಿದರೆ ಎಲ್ಲ ಎಡಕ್ಕೆ, ಬಲಕ್ಕೆ ಸರಿಸಿದರೆ ಬಲಕ್ಕೆ. ಇವು ಬದುಕುವುದು ಕಷ್ಟ ಎಂದು ಓದಿದ್ದೇನೆ. ಅವ್ವನಿಗೂ ಹೇಳಿದೆ. "ಇವತ್ತರ ಅದಾವಲ್ಲ," ಅಂದಳು. ಚೇತನಾ ಗಾಜಿಗೆ ಹಣೆ ಹಚ್ಚಿ ಕೂತಿದ್ದಾಳೆ.

ಅವ್ವ, ಚೇತನಾ ಮತ್ತೆ ಕರೆಯುತ್ತಿದ್ದಾರೆ. ತಾಯಿ ತೂತಿನಿಂದ ಪೂರ್ತಿ ಹೊರಗೆ ಬಂದು ಮರಿಗಳ ನಡುವೆ ನಿಂತು ಎರಡೂ ಕಣ್ಣು ಒಂದೇ ಕಡೆ, ನಮ್ಮ ಕಡೆಗೇ—