ಗೋಡೆಯ ಪಕ್ಕದ ಜಾಗ

೧೪ ಸೆಪ್ಟೆಂಬರ್, ಭಾನುವಾರ

‘ಬಿಟ್ಟು ಬಿಟ್ಟು ಸುರಿದ ಮಳೆಯೇ ನೆಲದೊಳಗೆ ಇಳಿಯುವುದು...’ ಎಲ್ಲೋ ಓದಿದ ಸಾಲು, ಮುಂದಿನದು ನೆನಪಿಲ್ಲ. ನಿಜವೇ? ಸೋಮಾರಿಗಳು ಬರೆದುಕೊಂಡ ಸಮಾಧಾನ ಎಂದುಕೊಂಡಿದ್ದೆ. ಇವತ್ತು ಪಂಚಶೀಲಾಳಿಗೆ ಬ್ಲ್ಯಾಕ್ ಬೆಲ್ಟ್ ಬಂತು.

ಹನ್ನೊಂದು ವರ್ಷದ ಹಿಂದೆ ಸ್ಟೇಶನ್ ಬಜಾರದ ಕರಾಟೆ ಕ್ಲಾಸಿಗೆ ಇಬ್ಬರೂ ಒಂದೇ ದಿನ ಸೇರಿದೆವು. ಹೋದ ತಿಂಗಳವರೆಗೆ ನಾನು ಒಂದು ದಿನವೂ ತಪ್ಪಿಸಲಿಲ್ಲ. ನಸುಕಿನಲ್ಲಿ ಮನೆಯಲ್ಲೂ ಅಭ್ಯಾಸ. ಅವಳು ಕಮಲಾಪುರದಿಂದ ವಾರಕ್ಕೆ ಮೂರೇ ದಿನ ಬಸ್ಸಿನಲ್ಲಿ ಬರುತ್ತಿದ್ದಳು. ಮೈ ದಣಿದ ದಿನ ಗೋಡೆಗೆ ಒರಗಿ ಬರೀ ನೋಡುತ್ತಿದ್ದಳು. “ನೋಡಿದ್ರ ಬೆಲ್ಟ್ ಬರ್ತದೇನ ನಿನಗ?” ಎಂದು ಚೇಷ್ಟೆ ಮಾಡುತ್ತಿದ್ದೆ. “ನೀವು ಒದೀರ್ರಿ ಅಕ್ಕಾ, ನಾ ನೋಡಿ ಕಲೀತೀನಿ,” ಎಂದು ನಗುತ್ತಿದ್ದಳು.

ಕಲಿತೇಬಿಟ್ಟಳು. ಇವತ್ತಿನ ಬೆಲ್ಟ್ ಪರೀಕ್ಷೆಗೆ ನಿಲ್ಲಲಾಗದೆ, ಬಾತ ಮೊಣಕಾಲು ಚಾಚಿಕೊಂಡು ಅದೇ ಗೋಡೆಗೆ ಒರಗಿ ಕೂತವಳು ನಾನು. ಹೋದ ತಿಂಗಳು ನೋವು ಮುಚ್ಚಿಟ್ಟು ಒದ್ದದ್ದರ ಫಲ. ಅವಳ ಒಂದೊಂದು ಹೆಜ್ಜೆಯಲ್ಲೂ ತಪ್ಪು ಹುಡುಕಿದೆ. ಒಂದಾದರೂ ಸಿಕ್ಕಿದ್ದರೆ ಈಗ ನಿದ್ದೆ ಬರುತ್ತಿತ್ತು. ಬೆಲ್ಟ್ ಕಟ್ಟಿಕೊಂಡು ಅವಳು ಸೀದಾ ಬಂದು ನನ್ನ ಪಕ್ಕ ಕೂತಳು. ನೀರು ಕುಡಿಯುವ ನೆಪದಲ್ಲಿ ಎದ್ದು ಬಂದೆ.

ಕುಂಟುತ್ತಾ ಮನೆ ಸೇರಿದಾಗ ಕೆಳಗಿನ ಮನೆಯ ಶಾರದಾಬಾಯಿ ಬಾಗಿಲಲ್ಲಿ ನಿಂತಿದ್ದರು. “ತಿಂಗಳಾತು ನೋಡ್ರಿ, ನಸುಕಿನ್ಯಾಗ ಮ್ಯಾಲಿಂದ ನಿಮ್ಮ ಧಪ್ ಧಪ್ ಸಪ್ಪಳ ಇಲ್ಲ. ನಾ ಅದಕ್ಕೇ ಏಳ್ತಿದ್ದೆ. ಜೋರ ಬ್ಯಾಡ್ರಿ, ಸಣ್ಣಗ ಮಾಡ್ರಿ. ನನಗ ಕೇಳಸ್ತದ.”